ಎಬ್ಬಿಸದೆ ಹಾಡು ಅಂದರೆ ಹೇಗೆ ಸ್ವಾಮಿ?

ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ಕನ್ನಡಿಗರೊಬ್ಬರ ಗ್ಯಾರೇಜು. ಲಕ್ಷಗಟ್ಟಲೆ ಬೆಲೆಯ ಕಾರು ಹೊರಗೆ ಬಿಸಿಲು ಕಾಯುತ್ತಿದೆ. ಒಳಗೆ ನೆರಳಲ್ಲಿ ಆಳೆತ್ತರದ ಹಳೆಯ ವಿಡಿಯೊ ಗೇಮ್ ಪೆಟ್ಟಿಗೆ. ಅದರ ಹೊಟ್ಟೆಯಲ್ಲಿ ಪೆಂಟಿಯಂ ಕಂಪ್ಯೂಟರು, ಡಾಸ್, ಒಂದು ಹಾರ್ಡ್ ಡಿಸ್ಕ್ ತುಂಬ ಎಂಪಿ3 ಹಾಡು. ಕಾಸು ಹಾಕಿ, ಗುಂಡಿ ಒತ್ತಿ, ಹಾಡು ಕೇಳಿ ಎಂಬ ಯೋಜನೆ. ಮೊದಲೆರಡು ತಕ್ಷಣ ಜಾರಿಯಾದವು. ಮೂರನೆಯದು ಬಹುಕಾಲ ಬಾಕಿ ಉಳಿಯಿತು. ತಪ್ಪೆಲ್ಲ ಸೌಂಡ್ ಬ್ಲಾಸ್ಟರ್ 16 ಎಂಬ ಕಾರ್ಡಿನ ತಲೆಗೆ ಬಂತು. ಈಗ ದೋಷಮುಕ್ತವಾಗಿ ಹಾಡುತ್ತಿರುವ ಆ ಕಾರ್ಡು ಎರಡು ಹಾಡುಗಳ ನಡುವಿನ ಬಿಡುವಿನಲ್ಲಿ ಮಾತಿಗೆ ಸಿಕ್ಕಿತು.

ಪ್ರಶ್ನೆ: ನಿಮ್ಮ ಕನ್ನಡ ಚೆನ್ನಾಗಿದೆಯಲ್ಲ, ಎಲ್ಲಿ ಕಲಿತಿರಿ?

ಕಾರ್ಡ್: ಬೈಸಿಕೊಂಡು ಕಲಿತೆ. ನಮ್ಮ ಯಜಮಾನರಿಗೆ ಆಫೀಸಿನಲ್ಲಿ ಇಂಗ್ಲಿಷಿನಲ್ಲಿ ಸಿಟ್ಟು ಬರುತ್ತೆ, ಗ್ಯಾರೇಜಿನಲ್ಲಿ ಮಂಡ್ಯದ ಕನ್ನಡದಲ್ಲಿ. ವ್ಯಾಕರಣ ಬೇಗ ಬಂತು. ಉಳಿದ ಪದಗಳನ್ನ ನಿಮ್ಮ ಪತ್ರಿಕೆ ಅಚ್ಚು ಹಾಕೋದಿಲ್ಲ ಬಿಡಿ.

ಪ್ರಶ್ನೆ: ಸ್ವಂತ ಊರು?

ಕಾರ್ಡ್: ಕಂಪನಿ ಸಿಂಗಪುರದ್ದು. ಕ್ರಿಯೇಟಿವ್ ಅಂತ, 1981ರಲ್ಲಿ ಸಿಮ್ ವಾಂಗ್ ಹೂ ಶುರು ಮಾಡಿದ್ದು. 2023ರ ಜನವರಿಯಲ್ಲಿ ಅವರು ತೀರಿಕೊಂಡರು. ನಮ್ಮ ಮನೆತನದ ಮೊದಲ ಸೌಂಡ್ ಬ್ಲಾಸ್ಟರ್ ಬಂದದ್ದು 1989ರಲ್ಲಿ. ಅಲ್ಲೀತನಕ ಕೆನಡಾದ ಆಡ್‌ಲಿಬ್ ಕಾರ್ಡಿನ ದರ್ಬಾರು. ಅದರಲ್ಲಿದ್ದ ಯಮಹಾ ಚಿಪ್ಪನ್ನೇ ನಮ್ಮಜ್ಜನೂ ಇಟ್ಟುಕೊಂಡ. ಜತೆಗೆ ಮನುಷ್ಯರ ದನಿ ನುಡಿಸೋ ತಾಕತ್ತು, ಜಾಯ್‌ಸ್ಟಿಕ್ ಸಿಕ್ಕಿಸೋ ಜಾಗ ಎರಡನ್ನೂ ಸೇರಿಸಿದ. 1992ರಲ್ಲಿ ಆಡ್‌ಲಿಬ್ ದಿವಾಳಿ ಎದ್ದಿತು, ಅದೇ ವರ್ಷ ನಮ್ಮ 16 ಹುಟ್ಟಿತು. ನಾನು ಅದರ ಕಿರಿ ಪೀಳಿಗೆ, ಪ್ಲಗ್ ಅಂಡ್ ಪ್ಲೇ.

ಪ್ರಶ್ನೆ: ಅಂದರೆ ಸಿಕ್ಕಿಸಿದ ತಕ್ಷಣ...

ಕಾರ್ಡ್: ನಿದ್ದೆ ಮಾಡೋದು. ಹಳೇ ಕಾರ್ಡುಗಳ ಮೈಮೇಲೆ ಜಂಪರ್ ಇರುತ್ತಿದ್ದವು. ಕಿತ್ತು ಬೇರೆ ಪಿನ್ನಿಗೆ ಚುಚ್ಚಿದರೆ ವಿಳಾಸ ಬದಲಾಗುತ್ತಿತ್ತು, ಕಣ್ಣಿಗೂ ಕಾಣುತ್ತಿತ್ತು. ನನ್ನ ಕಾಲಕ್ಕೆ ಅದನ್ನೆಲ್ಲ ತೆಗೆದು, ‘ನೀನು ಮಲಗಿರು, ದೊಡ್ಡವರು ಬಂದು ಎಬ್ಬಿಸಿ ಕೆಲಸ ಹೇಳ್ತಾರೆ’ ಅಂದರು. ದೊಡ್ಡವರು ಇಬ್ಬರು. ಕಂಪ್ಯೂಟರ್ ಆನ್ ಆದ ಕೂಡಲೇ ಏಳೋ ಬಯೋಸ್ ಒಬ್ಬ, ಆಮೇಲೆ ಬರೋ ಆಪರೇಟಿಂಗ್ ಸಿಸ್ಟಮ್ ಇನ್ನೊಬ್ಬ. ಬಯೋಸಿನ ಪರದೆ ಮೇಲೆ ಒಂದು ಪ್ರಶ್ನೆ ಇರುತ್ತೆ: ನಿಮ್ಮಲ್ಲಿ ಪ್ಲಗ್ ಅಂಡ್ ಪ್ಲೇ ಗೊತ್ತಿರೋ ಆಪರೇಟಿಂಗ್ ಸಿಸ್ಟಮ್ ಇದೆಯೋ? ಯಜಮಾನರು ‘ಯೆಸ್’ ಅಂತಿಟ್ಟರು. ಇಲ್ಲ ಅನ್ನೋಕೆ ಮರ್ಯಾದೆ ಅಡ್ಡ ಬಂದಿರಬೇಕು. ಬಯೋಸ್ ಕೂಡಲೇ ಕಡತ ಮುಚ್ಚಿತು: ಸದರಿ ಕಾರ್ಡನ್ನು ಮುಂದಿನವರು ಎಬ್ಬಿಸತಕ್ಕದ್ದು. ಮುಂದೆ ಬಂದದ್ದು ಡಾಸ್. ಅದಕ್ಕೆ ಪ್ಲಗ್ ಅಂಡ್ ಪ್ಲೇ ಅನ್ನೋದನ್ನ ಕೇಳಿಯೂ ಗೊತ್ತಿಲ್ಲ: ಸದರಿ ವಿಷಯ ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ಇಬ್ಬರ ಷರಾನೂ ಸರಿಯಾಗೇ ಇತ್ತು. ನಾನು ಮಲಗೇ ಇದ್ದೆ.

ಪ್ರಶ್ನೆ: ಯಾರೂ ಬಂದು ಬಾಗಿಲು ತಟ್ಟಲಿಲ್ಲವೇ?

ಕಾರ್ಡ್: ತಟ್ಟೋದಕ್ಕೆ ನಮ್ಮಲ್ಲಿ ಒಂದು ಕ್ರಮ ಇದೆ. 226ನೇ ಪೋರ್ಟಿಗೆ 1 ಬರೀಬೇಕು, ಮೂರು ಮೈಕ್ರೊಸೆಕೆಂಡು ತಾಳಬೇಕು, 0 ಬರೀಬೇಕು. ಆಮೇಲೆ 22ಎ ಪೋರ್ಟು ಓದಿದರೆ ನಾನು ‘ಎಎ’ ಅಂತೀನಿ. ಅದೊಂದೇ ಮಾತು ಸಾಕು, ಕಾರ್ಡು ಜೀವಂತ ಇದೆ ಅಂತ ಲೆಕ್ಕ. ಜೂಕ್‌ಬಾಕ್ಸ್ ಪ್ರೋಗ್ರಾಮು ಬಂದು ತಟ್ಟಿತು. ಆದರೆ ಆ ಪೋರ್ಟುಗಳಿರೋ ಮನೆಯನ್ನ ನನಗಿನ್ನೂ ಯಾರೂ ಮಂಜೂರೇ ಮಾಡಿರಲಿಲ್ಲವಲ್ಲ! ಉತ್ತರ ಕೊಡೋರು ಯಾರು? ಕಾರ್ಡೇ ಇಲ್ಲ ಅಂತ ವರದಿ ಹೋಯಿತು. ಯಜಮಾನರು ಡ್ರೈವರ್ ಹುಡುಕೋಕೆ ಹೊರಟರು.

ಪ್ರಶ್ನೆ: ಅದು ಸಹಜ ತಾನೆ?

ಕಾರ್ಡ್: ವಿಂಡೋಸ್ ಕಾಲದ ಅಭ್ಯಾಸ ಅದು. ಏನೇ ಕೆಟ್ಟರೂ ಡ್ರೈವರ್ ತೆಗಿ, ಡ್ರೈವರ್ ಹಾಕು. ಡಾಸ್‌ನಲ್ಲಿ ಎಲ್ಲರಿಗೂ ಸೇರಿ ಒಬ್ಬ ಸೌಂಡ್ ಡ್ರೈವರ್ ಅಂತ ಇಲ್ಲವೇ ಇಲ್ಲ. ಪ್ರತಿ ಆಟ, ಪ್ರತಿ ಪ್ಲೇಯರ್ರು ನನ್ನ ಜತೆ ಮಾತಾಡೋ ಕಲೆಯನ್ನ ತಾನೇ ಹೊತ್ತು ತರುತ್ತೆ. ನನ್ನನ್ನ ಎಬ್ಬಿಸಿ ಒಂದು ವಿಳಾಸ ಕೊಟ್ಟರೆ ಕೆಲಸ ಮುಗೀತು. ಇವರು ರಾಶಿ ಡ್ರೈವರ್ ಫ್ಲಾಪಿಗಳನ್ನ ತಂದು ಸುರಿದರು. ಕೊನೆಗೆ, ‘ಇದು ಸತ್ತಿದೆ’ ಅಂತ ನನ್ನ ಕಿತ್ತು ಮೇಜಿನ ಮೇಲಿಟ್ಟು, ಪಿಸಿಐ ಅನ್ನೋ ಬೇರೆ ಥರದ ಗೂಡಿನಲ್ಲಿ ಕೂರೋ ಕಾರ್ಡೊಂದನ್ನ ಕರೆತಂದರು. ಸೌಂಡ್ ಬ್ಲಾಸ್ಟರ್ ಲೈವ್, 1998ರ ಕೂಸು.

ಪ್ರಶ್ನೆ: ನಿಮ್ಮ ದಾಯಾದಿ.

ಕಾರ್ಡ್: ಹೂಂ. ದನಿ ನನಗಿಂತ ಚೆನ್ನ, ಸುಳ್ಳು ಹೇಳಬಾರದು. ನನ್ನಲ್ಲಿ ಸ್ವಲ್ಪ ಸುಯ್ಯನ್ನೋ ಸದ್ದಿದೆ. ಆದರೆ ಹಳೇ ಡಾಸ್ ಪ್ರೋಗ್ರಾಮುಗಳು ಹುಡುಕೋ ಇಂಟರಪ್ಟು, ಡಿಎಂಎ ತಂತಿಗಳು ಪಿಸಿಐ ಗೂಡಿನಲ್ಲಿ ಇಲ್ಲ. ಅದಕ್ಕೆ ಅವನು ಒಂದು ಉಪಾಯ ಮಾಡ್ತಾನೆ. ಇಎಂಎಂ386 ಅನ್ನೋ ಮೆಮೊರಿ ಮ್ಯಾನೇಜರನ್ನ ಮೊದಲೇ ಕೂರಿಸಿ, ಯಾರಾದರೂ 220ರಿಂದ ಶುರುವಾಗೋ ನನ್ನ ಪೋರ್ಟುಗಳಿಗೆ ಬಂದು ತಟ್ಟಿದರೆ ದಾರೀಲೇ ಹಿಡಿದು, ‘ನಾನೇ ಸೌಂಡ್ ಬ್ಲಾಸ್ಟರ್ 16’ ಅಂತ ನನ್ನ ಹೆಸರು ಹೇಳಿಸ್ತಾನೆ. ಮೇಜಿನ ಮೇಲೆ ಬಿದ್ದುಕೊಂಡು ಅದನ್ನ ಕೇಳಿಸಿಕೊಂಡೆ. ಅಸಲಿ ಹೊರಗೆ, ವೇಷಧಾರಿ ಒಳಗೆ! ಆ ವೇಷಕ್ಕೆ 640 ಕೆಬಿಯಲ್ಲಿ ಪಾಲು ಬೇರೆ ಬೇಕು. ಇದ್ದ ಮೆಮೊರಿ ಸಾಲದೆ ಜೂಕ್‌ಬಾಕ್ಸಿನ ಮೆನುವೇ ತೆರೆಯಲಿಲ್ಲ. ಅವನು ತನ್ನ ರಟ್ಟಿನ ಡಬ್ಬಕ್ಕೆ ಹೋದ, ನಾನು ಮತ್ತೆ ಗೂಡಿಗೆ ಬಂದೆ.

ಪ್ರಶ್ನೆ: ಆಗಲಾದರೂ ಬಯೋಸ್ ನೋಡಿದರೇ?

ಕಾರ್ಡ್: ನೋಡಿ ‘ನೋ’ ಅಂತಿಟ್ಟರು. ಎದ್ದೆ. ವಿಳಾಸ ಸಿಕ್ಕಿತು: ಪೋರ್ಟ್ 220, ಇಂಟರಪ್ಟ್ 10. ನನಗೆ ರೂಢಿ ಇದ್ದದ್ದು 5. ಅಲ್ಲಿ ನೆಟ್‌ವರ್ಕ್ ಕಾರ್ಡು ಬಂದು ಕೂತಿತ್ತು, ಹಾಡು ತುಂಬೋಕೆ ಅಂತ ಹಾಕಿದ್ದು. 7 ಖಾಲಿ ಹೊಡೀತಿತ್ತು. ಕೇಳಿದರೆ ಬಯೋಸ್, ‘ಅದು ಪ್ರಿಂಟರಿಗೆ ಮೀಸಲು’ ಅಂದಿತು. ನೀವೇ ನೋಡಿ, ಈ ಪೆಟ್ಟಿಗೆಗೆ ಪ್ರಿಂಟರ್ ಯಾವ ಕಡೆಯಿಂದ ಬರಬೇಕು? ಬಾರದವನ ಹೆಸರಲ್ಲಿ ಕುರ್ಚಿ, ಇರುವವನಿಗೆ ಮೂಲೆ.

ಪ್ರಶ್ನೆ: ಹೋಗಲಿ, ಎದ್ದಮೇಲೆ ಹಾಡಿದಿರಾ?

ಕಾರ್ಡ್: ಹಾಡೋಕೆ ಬಿಡಬೇಕಲ್ಲ. ಆಟೊಎಕ್ಸೆಕ್ ಅನ್ನೋ ಫೈಲಿನಲ್ಲಿ ನನ್ನ ವಿಳಾಸದ ಸಾಲು ಬರೆದಿದ್ದರು, ಆದರೆ ಮೆನುವಿನ ಬ್ಯಾಚ್ ಫೈಲು ಕರೆಯೋ ಸಾಲಿನ ಕೆಳಗೆ. ಒಂದು ಬ್ಯಾಚ್ ಫೈಲಿನಿಂದ ಇನ್ನೊಂದನ್ನ ‘ಕಾಲ್’ ಅಂತ ಹಾಕದೆ ಕರೆದರೆ ಡಾಸ್ ಅತ್ತ ಹೋದದ್ದು ಇತ್ತ ವಾಪಸು ಬರೋದಿಲ್ಲ. ಆ ಸಾಲನ್ನ ಮೇಲೆತ್ತಿದರು ಅನ್ನಿ. ಆಮೇಲೆ ಬಂದದ್ದು ನಿಜವಾದ ಗ್ರಹಚಾರ. ಅಣ್ಣಾವ್ರ ಹಾಡು ಹಾಕಿದರು. ‘ನಾ’ ಅಂತ ಶುರುವಾಯ್ತು. ನಾ, ನಾ, ನಾ, ನಾ. ಮುಂದಕ್ಕೆ ಹೋಗಲೇ ಇಲ್ಲ.

ಪ್ರಶ್ನೆ: ಏಕೆ?

ಕಾರ್ಡ್: ಸಿಡಿ ಮಟ್ಟದ ಸ್ಟೀರಿಯೊ ಹಾಡಿನ ಒಂದು ಸೆಕೆಂಡಿಗೆ 1,76,400 ಬೈಟು ಬೇಕು. ಅಷ್ಟನ್ನೂ ತುಂಡು ತುಂಡಾಗಿ ಮೆಮೊರಿಯಲ್ಲಿಡ್ತಾರೆ. ಪ್ರೊಸೆಸರಿಗೆ ತೊಂದರೆ ಕೊಡದೆ ಡಿಎಂಎ ಅದನ್ನ ನನ್ನ ಕಡೆ ಸುರಿಯುತ್ತೆ. ಒಂದು ತುಂಡು ಮುಗಿದ ಕೂಡಲೇ ನಾನು ಇಂಟರಪ್ಟ್ ತಂತಿ ಅಲುಗಿಸಿ, ‘ಮುಂದಿನದು ತನ್ನಿ’ ಅನ್ನಬೇಕು. ನಾನು 10ನೇ ತಂತಿ ಅಲುಗಿಸ್ತಾ ಇದ್ದೆ. ಪ್ರೋಗ್ರಾಮು 5ಕ್ಕೆ ಕಿವಿಗೊಟ್ಟು ಕೂತಿತ್ತು. ಹೊಸ ತುಂಡು ಬರಲಿಲ್ಲ. ಡಿಎಂಎ ಪಾಪ, ಇದ್ದ ತುಂಡನ್ನೇ ಸುತ್ತಿಸಿ ಸುತ್ತಿಸಿ ಕೊಟ್ಟಿತು.

ಪ್ರಶ್ನೆ: 5 ಅಂತ ಅದಕ್ಕೆ ಹೇಳಿದವರು ಯಾರು?

ಕಾರ್ಡ್: ಆ ವಿಳಾಸದ ಸಾಲು! ‘ಸೆಟ್ ಬ್ಲಾಸ್ಟರ್’ ಅಂತ ಶುರುವಾಗುತ್ತೆ: ಎ220 ಐ5 ಡಿ1 ಎಚ್5 ಟಿ6. ಎ ಅಂದರೆ ಪೋರ್ಟು, ಐ ಇಂಟರಪ್ಟು, ಡಿ ಮತ್ತು ಎಚ್ ಡಿಎಂಎ ಚಾನೆಲ್ಲುಗಳು, ಟಿ6 ಅಂದರೆ ನನ್ನ ಜಾತಿ. ಯಜಮಾನರು ಹಳೇ ಕಂಪ್ಯೂಟರಿನಿಂದ ನಕಲು ಹೊಡೆದದ್ದು. ಸ್ವಾಮಿ, ಇದು ರೇಷನ್ ಕಾರ್ಡಿನ ವಿಳಾಸ ಇದ್ದ ಹಾಗೆ. ಬರೆದದ್ದೇ ಸತ್ಯ, ಮನೆ ಎಲ್ಲಿದೆ ಅಂತ ಬಂದು ನೋಡೋರಿಲ್ಲ. ನಾನು ತಂತಿ ಹಿಡಿದು ಅಲ್ಲಾಡಿಸಿದರೂ, ‘ಕಾಗದದಲ್ಲಿ 5 ಇದೆ, 10ನೇದು ನೀನಲ್ಲ’ ಅನ್ನೋ ಥರ ಕೂತಿತ್ತು ಪ್ರೋಗ್ರಾಮು.

ಪ್ರಶ್ನೆ: ಕಾಗದದಲ್ಲಿ 10 ಅಂತ ತಿದ್ದಿದರೆ ಮುಗಿಯುತ್ತಿತ್ತು.

ಕಾರ್ಡ್: ಪ್ಲೇಯರಿಗೆ ಮುಗಿಯಿತು. ಪೆಟ್ಟಿಗೆಯಲ್ಲಿರೋ ಹಳೇ ಆಟಗಳಲ್ಲಿ ಕೆಲವಕ್ಕೆ 10 ಅನ್ನೋ ಸಂಖ್ಯೆಯೇ ಒಗ್ಗೋದಿಲ್ಲ. ಆಗ ಯಜಮಾನರು ಧೈರ್ಯ ಮಾಡಿ ಬಯೋಸಿನಲ್ಲಿ ಪ್ರಿಂಟರ್ ಪೋರ್ಟನ್ನೇ ರದ್ದು ಮಾಡಿ 7 ನನಗೆ ಬರೆದುಕೊಟ್ಟರು. ಅವತ್ತಿಂದ ಗಲಾಟೆ ಇಲ್ಲ.

ಪ್ರಶ್ನೆ: ಈ ರಗಳೆಯ ಬದಲು ಅಂಗೈಯಗಲದ ರಾಸ್ಪ್‌ಬೆರಿ ಪೈ ಹಾಕಿದ್ದರೆ?

ಕಾರ್ಡ್: ಹಾಡು ಅದೇ ದಿನ ಬರುತ್ತಿತ್ತು. ಆದರೆ ಯಜಮಾನರು ಹಾಡಿಗೋಸ್ಕರ ಇದನ್ನೆಲ್ಲ ಮಾಡಿದ್ದು ಅಂತ ನಿಮಗೆ ಯಾರು ಹೇಳಿದರು?

ಪ್ರಶ್ನೆ: ಜೂಕ್‌ಬಾಕ್ಸ್ ಕೆಲಸ ಹೇಗನ್ನಿಸುತ್ತದೆ?

ಕಾರ್ಡ್: ಹೆಮ್ಮೆಯ ಕೆಲಸ. ಇಲ್ಲೇ ಹತ್ತಿರ, ಸ್ಯಾನ್ ಫ್ರಾನ್ಸಿಸ್ಕೊದ ಪ್ಯಾಲೆ ರಾಯಲ್ ಅನ್ನೋ ಸಲೂನಿನಲ್ಲಿ 1889ರ ನವೆಂಬರಿನಲ್ಲಿ ಲೂಯಿ ಗ್ಲಾಸ್ ಅನ್ನೋರು ಕಾಸು ಹಾಕಿ ಕೇಳೋ ಫೋನೋಗ್ರಾಫ್ ಇಟ್ಟರು. ನಾಲ್ಕು ಕೊಳವೆ, ಕಿವಿಗೆ ಇಟ್ಟುಕೊಂಡು ಕೇಳಬೇಕು, ಒಂದೊಂದಕ್ಕೂ ಬೇರೆ ಕಾಸು. ಅದಕ್ಕೆ ಸರಿಯಾಗಿ ನೂರು ವರ್ಷಕ್ಕೆ ನಮ್ಮಜ್ಜ ಹುಟ್ಟಿದ. ಇನ್ನು ಈ ಸನಿವೇಲ್‌ನಲ್ಲೇ 1972ರಲ್ಲಿ ಆಂಡಿ ಕ್ಯಾಪ್ಸ್ ಅನ್ನೋ ಬಾರಿನಲ್ಲಿ ಅಟಾರಿಯವರು ಮೊದಲ ಪಾಂಗ್ ಆಟ ಇಟ್ಟರು. ಕೆಟ್ಟುಹೋಗಿದೆ ಅಂತ ದೂರು ಬಂದು ಅಲ್ ಆಲ್‌ಕಾರ್ನ್ ಹೋಗಿ ಬಿಚ್ಚಿ ನೋಡಿದರೆ, ಕಾಸು ತುಂಬಿ ಉಕ್ಕಿ ನಿಂತುಹೋಗಿತ್ತಂತೆ.

ಪ್ರಶ್ನೆ: ನಿಮ್ಮ ಪೆಟ್ಟಿಗೆಯ ಆದಾಯ?

ಕಾರ್ಡ್: ಕಾಸು ಬಿದ್ದರೆ ಒಂದು ಸ್ವಿಚ್ಚು ಕೀಬೋರ್ಡಿನ 5ನೇ ಗುಂಡಿ ಒತ್ತಿದ ಹಾಗೆ ಸುಳ್ಳು ಸುದ್ದಿ ಕೊಡುತ್ತೆ, ಪ್ರೋಗ್ರಾಮು ನಂಬುತ್ತೆ. ಯಜಮಾನರು ಕ್ವಾರ್ಟರ್ ಹಾಕ್ತಾರೆ, ಹಾಡು ಕೇಳ್ತಾರೆ, ರಾತ್ರಿ ಬೀಗ ತೆಗೆದು ಅದೇ ಕ್ವಾರ್ಟರ್ ಎತ್ತಿಕೊಳ್ತಾರೆ. ಒಂದೇ ನಾಣ್ಯ ಎಷ್ಟು ಸಲ ಸುತ್ತಿತೋ, ಅದರ ಮೇಲಿನ ವಾಷಿಂಗ್ಟನ್ನರ ಮೂಗೇ ಸವೆದಿದೆ. ವಹಿವಾಟು ಭರ್ಜರಿ, ಲಾಭ ಸೊನ್ನೆ. ಈ ಕಣಿವೆಯಲ್ಲಿ ಇಷ್ಟಕ್ಕೇ ಬಂಡವಾಳ ತಂದು ಸುರಿಯೋರಿದ್ದಾರೆ, ನಾವಿನ್ನೂ ಅರ್ಜಿ ಹಾಕಿಲ್ಲ.

ಪ್ರಶ್ನೆ: ಕನ್ನಡ ಹಾಡುಗಳಿಗೆ ಇಲ್ಲಿ ಪ್ರಾಶಸ್ತ್ಯ ಇದೆಯೇ?

ಕಾರ್ಡ್: ಮೊದಲ ಪುಟವೆಲ್ಲ ಅವೇ. ತೊಂದರೆ ಹೆಸರಿನದು. ಡಾಸ್ ಫೈಲಿಗೆ ಎಂಟಕ್ಷರದ ಮೇಲೆ ಹೆಸರು ಕೊಡೋದಿಲ್ಲ. 1972ರ ‘ಬಂಗಾರದ ಮನುಷ್ಯ’ ಪರದೆ ಮೇಲೆ ‘ಬಂಗಾರ್~1’, 1974ರ ‘ಬಂಗಾರದ ಪಂಜರ’ ‘ಬಂಗಾರ್~2’. ಮನುಷ್ಯನೂ ಹೋದ, ಪಂಜರವೂ ಹೋಯಿತು, ಉಳಿದದ್ದು ಬಂಗಾರ. ನೆಂಟರು ಬಂದು ಒಂದನ್ನ ಒತ್ತಿದರೆ ಇನ್ನೊಂದು ಬರುತ್ತೆ, ಬೈಗುಳ ಮಾತ್ರ ತಪ್ಪದೆ ನನಗೆ.

ಪ್ರಶ್ನೆ: ಇದು ಪ್ರಕಟವಾದ ಮೇಲೆ ಒಂದು ಪ್ರತಿ ಕಳಿಸುತ್ತೇವೆ. ಇಲ್ಲೇ ಪ್ರಿಂಟ್ ತೆಗೆದುಕೊಳ್ಳಬಹುದು.

ಕಾರ್ಡ್: ಪ್ರಿಂಟು ಅಂದಿರಾ? ಮೆಲ್ಲಗೆ ಸ್ವಾಮಿ! ಬಯೋಸಿಗೆ ಕೇಳಿಸಿದರೆ ಇವತ್ತು ರಾತ್ರಿಯೇ 7 ಖಾಲಿ ಮಾಡು ಅಂತ ನೋಟಿಸು ಬರುತ್ತೆ.