ಕಾವು ಕೂತ ಮೇಷ್ಟ್ರು

ಮೂವತ್ತು ವರ್ಷಗಳ ಕಾಲ ಪರರ ಮಕ್ಕಳ ಹಾಜರಿ ಕೂಗಿ, ನಿವೃತ್ತನಾಗಿ, ಶ್ರೀರಂಗಪಟ್ಟಣದ ಮನೆಯ ಜಗಲಿಯ ಮೇಲೆ ಕುಳಿತ ಉಪಾಧ್ಯಾಯನೊಬ್ಬನಿಗೆ, ಮೊಟ್ಟೆಯನ್ನು ಕೋಳಿಯನ್ನಾಗಿ ಮಾಡುವ ಕಾರ್ಯವು ಹುಡುಗರನ್ನು ಮನುಷ್ಯರನ್ನಾಗಿ ಮಾಡುವುದಕ್ಕಿಂತ ಸುಲಭಸಾಧ್ಯವೆಂದು ತೋರಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಹಿತ್ತಲಿದ್ದಿತು, ನುಗ್ಗೆಮರದ ನೆರಳಿದ್ದಿತು, ಮಹಾರಾಜರ ಗತ್ತಿನ ಒಂದು ಹುಂಜವೂ ಮೂರು ಹೇಂಟೆಗಳೂ ಇದ್ದವು. ಇಲ್ಲದಿದ್ದುದು ಕಾವು ಕೂರುವ ಮನಸ್ಸೊಂದೇ.

ಹೇಂಟೆಗಳು ಕೆ.ಆರ್. ಪೇಟೆಯ ಬೀಗರು ಪ್ರೀತಿಯಿಂದ ಕೊಟ್ಟವು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ತಳಿಯವು. ಕಾವಿಗೆ ಕುಳಿತ ಕೋಳಿ ಮೊಟ್ಟೆಯಿಡುವುದನ್ನು ನಿಲ್ಲಿಸುತ್ತದೆಯಾದ್ದರಿಂದ, ಹೆಚ್ಚು ಮೊಟ್ಟೆಯ ಆಸೆಗೆ ಮನುಷ್ಯನು ತಳಿಗಳನ್ನು ಆಯುತ್ತ ಹೋದಂತೆಲ್ಲ ಆ ಹಳೆಯ ತಾಳ್ಮೆ ಅವುಗಳ ರಕ್ತದಿಂದ ಜಾರಿಹೋಯಿತು. ನಮ್ಮವಂತೂ ಮೊಟ್ಟೆಯಿಟ್ಟು, ಆ ಸಮಾಚಾರವನ್ನು ಗಂಜಾಮಿನವರೆಗೆ ಕೇಳಿಸುವಂತೆ ಸಾರಿ, ಬಳಿಕ ಆ ಕಡೆ ಕತ್ತು ಹೊರಳಿಸಿಯೂ ನೋಡುತ್ತಿರಲಿಲ್ಲ.

ಆದ್ದರಿಂದ ನಾನೇ ಕಾವು ಕೂರುವುದೆಂದು ನಿಶ್ಚಯಿಸಿದೆ. ಪಾಂಡವಪುರದ ನನ್ನ ತಂಗಿ ಇದನ್ನು ಕೇಳಿ ನಕ್ಕಾಗ, ಹೈದರ್ ಮತ್ತು ಟಿಪ್ಪುವಿನ ಸೈನ್ಯದಲ್ಲಿದ್ದ ಫ್ರೆಂಚರು ಬೀಡುಬಿಟ್ಟಿದ್ದರಿಂದಲೇ ಅವಳ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದಿದ್ದಿತೆಂಬುದನ್ನೂ, ಆ ಫ್ರೆಂಚರ ನಾಡಿನ ರೆಯೋಮ್ಯೂರ್ ಎಂಬ ವಿದ್ವಾಂಸನು ಕುದುರೆಲದ್ದಿಯ ಬಿಸಿಯಿಂದ ಮರಿ ಮಾಡಿಸುವ ವಿದ್ಯೆಯನ್ನು ಕುರಿತು 1749ರಲ್ಲಿಯೇ ಗ್ರಂಥ ಪ್ರಕಟಿಸಿದನೆಂಬುದನ್ನೂ ಸವಿಸ್ತಾರವಾಗಿ ಬೋಧಿಸಿದೆ. ಎಲ್ಲವನ್ನೂ ಕೇಳಿ ಅವಳು, “ಲದ್ದಿ ಗಿದ್ದಿ ಮನೆಗೆ ತಂದೀಯ ಕಣಣ್ಣ, ಅತ್ತಿಗೆ ತವರಿಗೆ ಹೊರಟುಬಿಟ್ಟಾರು” ಎಂದಳು.

ಲದ್ದಿಯನ್ನು ಬಿಟ್ಟು ವಿದ್ಯುತ್ತನ್ನು ಹಿಡಿದೆ. ಒಂದು ಮರದ ಪೆಟ್ಟಿಗೆ, ಅದರೊಳಗೊಂದು 40 ವಾಟಿನ ಬಲ್ಬು, ಆರ್ದ್ರತೆಗಾಗಿ ಬಟ್ಟಲು ನೀರು, 37.5 ಡಿಗ್ರಿಯಿಂದ ಅಲುಗಬಾರದೆಂದು ಆಜ್ಞಾಪಿಸಲ್ಪಟ್ಟ ಒಂದು ಉಷ್ಣಮಾಪಕ, 12 ಮೊಟ್ಟೆ. ಒಳಗಿನ ಪಿಂಡ ಚಿಪ್ಪಿಗೆ ಅಂಟಿಕೊಳ್ಳದಂತೆ ಅವನ್ನು ಹೊತ್ತುಹೊತ್ತಿಗೆ ಹೊರಳಿಸಬೇಕು. ನಡುರಾತ್ರಿಯ ಸರದಿಗೆ ನಾನು ಗಡಿಯಾರಕ್ಕೆ ಗಂಟೆ ಕೊಟ್ಟು ಏಳುತ್ತಿದ್ದೆ. ಏಳನೆಯ ರಾತ್ರಿ ಕತ್ತಲೆಯಲ್ಲಿ ಒಂದೊಂದನ್ನೇ ಟಾರ್ಚಿನ ಬಾಯಿಗೆ ಹಿಡಿದು ನೋಡಿದರೆ, ಎಂಟರೊಳಗೆ ಜೇಡನ ಬಲೆಯಂತೆ ಕೆಂಪು ನರಗಳು ಹರಡಿ, ನಡುವೆ ಒಂದು ಕಪ್ಪು ಚುಕ್ಕೆ ಮಿಡುಕುತ್ತಿದ್ದಿತು. ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. “ಸರಿ, ಮಲಗಿ” ಎಂದಳು.

ಹನ್ನೊಂದನೆಯ ರಾತ್ರಿ ಗುಡುಗು ಮಳೆ. ದೀಪ ಹೋದದ್ದು ಮರುದಿನ ಮಧ್ಯಾಹ್ನ ಬಂದಿತು. ಬಿಸಿನೀರಿನ ಶೀಸೆಗಳನ್ನಿಟ್ಟೆ, ಕಂಬಳಿ ಹೊದಿಸಿದೆ, ಕೊನೆಗೆ ಪೆಟ್ಟಿಗೆಯನ್ನು ಅಪ್ಪಿಕೊಂಡೂ ಕುಳಿತೆ. 25ನೆಯ ದಿನ ಹಿತ್ತಲಿನ ಮೂಲೆಯಲ್ಲಿ ಗುಂಡಿ ತೋಡಿಸಿದ್ದು ವಾಸನೆಯ ಕಾರಣಕ್ಕೆ ಎಂದಷ್ಟೇ ಹೇಳಿದರೆ ಸಾಕು.

ನಾಗಮಂಗಲದ ಕಡೆ, ನವಿಲುಗಳಿಗೆ ಹೆಸರಾದ ಆದಿಚುಂಚನಗಿರಿಗೆ ಅನತಿದೂರದ ಹಳ್ಳಿಯಲ್ಲಿ ನನ್ನ ಸೋದರತ್ತೆ ಇದ್ದಾರೆ. ಸುದ್ದಿ ತಿಳಿದು ಅವರು ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲ ಕಣ್ ಮಗ, ನಿನ್ನ ಬಲ್ಬು ಎದ್ದು ಮೊಟ್ಟೆ ತಿರುವಾಕ್ತದಾ?” ಕಾವಿಗೆ ಬಂದಿದ್ದ ಒಂದು ಕರಿಯ ನಾಟಿಕೋಳಿಯನ್ನು, ಮರಿಗಳಲ್ಲಿ ಸಮಪಾಲು ಎಂಬ ಕರಾರಿನ ಮೇಲೆ, ಕುಕ್ಕೆಯಲ್ಲಿ ಮುಚ್ಚಿ ಕೊಟ್ಟರು. ಬಸ್ಸಿನಲ್ಲಿ ಅದಕ್ಕೆ ಅರ್ಧ ಟಿಕೆಟ್ ಆಯಿತು.

ಕತ್ತಲಾದ ಮೇಲೆ ಗಿರಿರಾಜದ 11 ಮೊಟ್ಟೆಗಳ ಮೇಲೆ ಅದನ್ನು ಕೂರಿಸಿ, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಅತ್ತೆಯ ಆಜ್ಞೆಯಂತೆ ಇದ್ದಿಲ ಚೂರೊಂದನ್ನೂ ಇಟ್ಟೆ. (ವಿಜ್ಞಾನವು ಹಿಂದಿನ ವಾರವಷ್ಟೆ ಸೋತಿದ್ದರಿಂದ ವಾದಿಸುವ ನೈತಿಕ ಬಲ ನನ್ನಲ್ಲಿರಲಿಲ್ಲ.) ಉಷ್ಣಮಾಪಕವಿಲ್ಲ, ಗಡಿಯಾರವಿಲ್ಲ, ಪುಕ್ಕ ಕೆದರಿ, ರೆಕ್ಕೆ ಹರವಿ, ನಾನು ಬಗ್ಗಿದರೆ ಕೈ ಕುಕ್ಕಿ, ದಿನಕ್ಕೊಮ್ಮೆ ಮಾತ್ರ ಎದ್ದು ನಾಲ್ಕು ಕಾಳು ತಿಂದು ಮರಳುತ್ತಿದ್ದಿತು. ಇಪ್ಪತ್ತನೆಯ ಸಂಜೆ ಕಿವಿಗೊಟ್ಟರೆ, ಇನ್ನೂ ಒಡೆಯದ ಚಿಪ್ಪಿನೊಳಗಿಂದ ‘ಚೀಂವ್’. ಮೇಲಿನಿಂದ ತಾಯಿಯ ‘ಲೊಕ್’. ಅದು ‘ಲೊಕ್’ ಎಂದಾಗಲೆಲ್ಲ ಕೆಳಗಿನಿಂದ ಉತ್ತರ ಬರುತ್ತಿದ್ದಿತು. ಮರುದಿನ ಒಂದು ಮೊಟ್ಟೆಯ ದಪ್ಪತುದಿಯ ಬಳಿ ಎಳ್ಳುಕಾಳಿನಷ್ಟು ಬಿರುಕು ಬಿಟ್ಟು, ಕೊಕ್ಕಿನ ತುದಿಯ ಬಿಳಿಯ ಮುಳ್ಳು ಕಾಣಿಸಿತು, ಗಂಟೆಗಟ್ಟಲೆ ವಿಶ್ರಾಂತಿ, ಆಮೇಲೆ ಸುತ್ತಲೂ ಕೊರೆದು, ಟೋಪಿ ತೆಗೆದಂತೆ ಮುಚ್ಚಳವನ್ನು ನೂಕಿ, ಗಂಜಿಯಲ್ಲಿ ಅದ್ದಿದ ಹತ್ತಿಯಂಥದೊಂದು ಹೊರಬಿದ್ದಿತು. ನೆರವಾಗಲು ಬೆರಳು ಚಾಚಿದ ನನಗೆ ಸಿಕ್ಕಿದ ಕುಕ್ಕಿನ ಗುರುತು ಇನ್ನೂ ಇದೆ.

ಹುಟ್ಟಿದವು ಎಂಟು. ಒಂದನ್ನು ಹದ್ದು ಒಯ್ದಿತು. ಅದು ನನ್ನ ಪಾಲಿನದೇ ಎಂದು ಅತ್ತೆ ನಾಗಮಂಗಲದಿಂದಲೇ ಫೋನಿನಲ್ಲಿ ತೀರ್ಪು ಕೊಟ್ಟರು.

ಒಂದೂವರೆ ತಿಂಗಳ ಮೇಲೆ ಕೋಳಿಯನ್ನೂ ಅತ್ತೆಯ ನಾಲ್ಕು ಪಿಳ್ಳೆಗಳನ್ನೂ ಕುಕ್ಕೆಯಲ್ಲಿಟ್ಟು, ಮೇಲೆ ಪಂಚೆ ಹೊದಿಸಿ, ಬಸ್ಸು ಹತ್ತಿದೆ. ಪಾಂಡವಪುರ ದಾಟಿದ ಮೇಲೆ ಕಂಡಕ್ಟರು ಬಂದು ಕುಕ್ಕೆಯತ್ತ ನೋಡಿ, “ಏನಿದೆ ಮೇಷ್ಟ್ರೇ?” ಎಂದರು. “ಒಂದು ಕೋಳಿ” ಎಂದೆ. ಮೂವತ್ತು ವರ್ಷ ಸತ್ಯವನ್ನೇ ಬೋಧಿಸಿದ ನಾಲಗೆ ಅಷ್ಟಕ್ಕೇ ನಿಂತಿತು. ಅವರು ಅರ್ಧ ಟಿಕೆಟ್ ಹರಿಯುತ್ತಿದ್ದಂತೆ ಬಸ್ಸು ಹಳ್ಳವೊಂದಕ್ಕೆ ಇಳಿದು ಕುಲುಕಿತು. ಪಂಚೆಯಡಿಯಿಂದ ತಾಯಿ ಗಂಭೀರವಾಗಿ ‘ಲೊಕ್’ ಎಂದಿತು. ಒಂದಾದ ಮೇಲೊಂದರಂತೆ, ನಾಲ್ಕೂ ಹಾಜರಿ ಹೇಳಿದವು.