ಪನಸ ಮೀಮಾಂಸೆ: ತೂಬಗೆರೆ ಸಂಪ್ರದಾಯ

ಶಾಸ್ತ್ರಗ್ರಂಥಕ್ಕೆ ಕೈಹಾಕುವವರು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿಂದಿನವರ ಕಟ್ಟಳೆ. ಅದರಂತೆ ಈ ಪ್ರಬಂಧದ ವಿಷಯ ಹಲಸಿನ ಹಣ್ಣು. ಪ್ರಯೋಜನ ಹೊಟ್ಟೆ ತುಂಬುವುದು. ಸಂಬಂಧ ಸ್ನೇಹಿತರ ನಡುವಿನದು, ಅಂಟಿನಿಂದ ಸಿದ್ಧವಾದದ್ದು. ಇನ್ನು ಈ ವಿದ್ಯೆಗೆ ಅಧಿಕಾರಿ ಯಾರೆಂಬುದೇ ತಕರಾರು. ಸಕ್ಕರೆ ಕಾಯಿಲೆಯವರಿಗೆ ಅರ್ಧ ಅಧಿಕಾರವಷ್ಟೇ ಉಂಟೆಂದೂ ಆ ಅರ್ಧವನ್ನೂ ಹೆಂಡತಿಯ ಕಣ್ಣು ತಪ್ಪಿಸಿಯೇ ಚಲಾಯಿಸಬೇಕೆಂದೂ ಒಂದು ಮತವಿದೆ.

ದೇಶ, ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಹೋಬಳಿ. ವರ್ಷಪೂರ್ತಿ ಹರಿಯುವ ಹೊಳೆಯಿಲ್ಲ. ಕೆರೆ ಮತ್ತು ಕೊಳವೆ ಬಾವಿಯನ್ನು ನಂಬಿದ ಸೀಮೆ. ರಾಗಿ ಹೊಲದ ಬದುವಿನಲ್ಲಿ ಯಾರ ಹಂಗೂ ಇಲ್ಲದೆ ನಿಂತ ಹಲಸಿನ ಮರಕ್ಕೆ ಇಲ್ಲಿ ನೀರು ಕಟ್ಟಿದವರಿಗಿಂತ ಅದರ ನೆರಳಲ್ಲಿ ಮಲಗಿದವರೇ ಹೆಚ್ಚು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಬೆಂಬಲದಿಂದ ಇಲ್ಲಿನ ರೈತರು ಹಲಸು ಬೆಳೆಗಾರರ ಸಂಘವನ್ನೇ ಕಟ್ಟಿಕೊಂಡಿದ್ದಾರೆ. ಬೆಂಗಳೂರಿನ ಹಲಸು ಮೇಳಗಳಲ್ಲಿ ‘ತೂಬಗೆರೆ ಹಲಸು’ ಎಂದರೆ ಜನ ತಿರುಗಿ ನೋಡುತ್ತಾರೆ. ಕೇರಳ ಸರ್ಕಾರ 2018ರಲ್ಲಿ ಹಲಸನ್ನು ತನ್ನ ರಾಜ್ಯದ ಅಧಿಕೃತ ಹಣ್ಣೆಂದು ಘೋಷಿಸಿತು. ತೂಬಗೆರೆಯ ಆಚಾರ್ಯರು ಘೋಷಣೆಗೆಲ್ಲ ಕಾದವರಲ್ಲ, ತಿಂದು ಮುಗಿಸಿದ್ದರು.

ಈಗ ಪ್ರಮಾಣ ವಿಚಾರ. ಹಣ್ಣು ಪಕ್ವವಾಗಿದೆಯೆಂದು ತಿಳಿಯುವುದು ಹೇಗೆ? ವಾಸನೆ ಪ್ರತ್ಯಕ್ಷ ಪ್ರಮಾಣ. ಇದಕ್ಕೆ ಗುರುವಿನ ಅಗತ್ಯವಿಲ್ಲ, ಬಸ್ಸಿನ ಹಿಂದಿನ ಸೀಟಿನಲ್ಲಿ ಚೀಲದೊಳಗೊಂದು ಹಣ್ಣಿದ್ದರೆ ಡ್ರೈವರಿಗೂ ಜ್ಞಾನೋದಯವಾಗುತ್ತದೆ. ಎಲ್ಲೆಲ್ಲಿ ನೊಣವೋ ಅಲ್ಲಲ್ಲಿ ಹಣ್ಣು ಎಂಬುದು ಅನುಮಾನ. ಮೂರನೆಯದಾದ ಶಬ್ದ ಪ್ರಮಾಣವನ್ನು ಕೆಲವು ದರ್ಶನಗಳು ವೇದವಾಕ್ಯಕ್ಕೆ ಮೀಸಲಿಟ್ಟರೆ, ಈ ದರ್ಶನದಲ್ಲಿ ಅದು ಬೆರಳ ಗೆಣ್ಣಿನಿಂದ ಹಣ್ಣಿನ ಮೈಗೆ ತಟ್ಟಿದಾಗ ಬರುವ ಸದ್ದು. ಎಳೆಯದು ಗಟ್ಟಿಯಾಗಿ ‘ಟಣ್’ ಅನ್ನುತ್ತದೆ, ಬಲಿತದ್ದು ಮಂದವಾಗಿ ‘ಡಬ್’ ಅನ್ನುತ್ತದೆ. ಮುಳ್ಳುಗಳು ಚಪ್ಪಟೆಯಾಗಿ ಒಂದರಿಂದೊಂದು ದೂರ ಸರಿದಿದ್ದರೆ ಸಂಶಯ ಪರಿಹಾರ.

ಇಷ್ಟೆಲ್ಲ ಪ್ರಮಾಣವಿದ್ದರೂ ಪಟ್ಟಣದ ಗಿರಾಕಿ ಮೋಸಹೋಗುವುದು ಹಣ್ಣಿನ ಬೆನ್ನಿನಲ್ಲಿ. ಇದೇ ಹೋಬಳಿಯ ಘಾಟಿ ಸುಬ್ರಹ್ಮಣ್ಯದಲ್ಲಿ ಒಂದೇ ಶಿಲೆಯಲ್ಲಿ ಮುಂದೆ ಸುಬ್ರಹ್ಮಣ್ಯ, ಹಿಂದೆ ನರಸಿಂಹ. ಹಿಂದಿನ ಮೂರ್ತಿ ಕಾಣಲೆಂದು ಗರ್ಭಗುಡಿಯಲ್ಲಿ ಕನ್ನಡಿ ಇಟ್ಟಿದ್ದಾರೆ. ದರ್ಶನ ಮುಗಿಸಿ ಬರುವವರು ರಸ್ತೆ ಬದಿಯ ರಾಶಿಯ ಮುಂದೆ ನಿಂತಾಗ ಮಾತ್ರ ಆ ಕನ್ನಡಿ ಮರೆತುಹೋಗುತ್ತದೆ. ಹಣ್ಣನ್ನು ಹೊರಳಿಸಿ, ನೆಲಕ್ಕೆ ತಾಗಿ ಮೆತ್ತಗಾದ ಮಗ್ಗುಲನ್ನು ನೋಡುವವರು ಕಡಿಮೆ.

ಹೊರಳಿಸಿ ನೋಡಿದರೂ ತಿಳಿಯದ ಸಂಗತಿ ಇನ್ನೊಂದಿದೆ: ಒಳಗಿರುವುದು ಬಕ್ಕೆಯೋ ಅಂಬಲಿಯೋ? ಬಕ್ಕೆಯ ತೊಳೆ ಹಲ್ಲಿಗೆ ಗರಿಗರಿ, ಅಂಬಲಿ ಬಾಯಿಗಿಟ್ಟರೆ ಜಾರಿ ಗಂಟಲಲ್ಲಿ. ಬೀಜದಿಂದ ಎದ್ದ ಹಲಸಿಗೆ ತಾಯಿಮರದ ಗುಣವೇ ಬರಬೇಕೆಂಬ ಕಾನೂನಿಲ್ಲ, ಏಕೆಂದರೆ ಬೇರೆ ಮರದ ಪರಾಗ ಸೇರಿ ಕಾಯಿ ಕಟ್ಟುತ್ತದೆ. ಹೀಗಾಗಿ ಮರಮರಕ್ಕೂ ರುಚಿ ಬೇರೆ, ಬಣ್ಣ ಬೇರೆ. ಒಂದರಲ್ಲಿ ತಿಳಿ ಹಳದಿ, ಪಕ್ಕದ್ದರಲ್ಲಿ ಕೆಂಪು ತೊಳೆಯ ಚಂದ್ರ ಹಲಸು. ಕಸಿ ಕಟ್ಟಿದ ಗಿಡವಾದರೆ ನರ್ಸರಿಯ ಚೀಟಿ ಇರುತ್ತದೆ. ಬದುವಿನ ಹಳೆಯ ಮರಕ್ಕೆ ಚೀಟಿ ಎಲ್ಲಿಂದ ಬರಬೇಕು? ಆ ಜ್ಞಾನ ಇರುವುದು ಪಕ್ಕದ ಹೊಲದವನ ನಾಲಿಗೆಯಲ್ಲಿ, ಅವನು ಹುಡುಗನಾಗಿದ್ದಾಗ ಕದ್ದು ತಿಂದು ಸಂಪಾದಿಸಿದ್ದು. ಅವನೊಡನೆ ಬದುವಿನ ವ್ಯಾಜ್ಯ ನಡೆಯುತ್ತಿದ್ದರೆ ಮೇ ತಿಂಗಳೊಳಗೆ ರಾಜಿಯಾಗುವುದು ಮೇಲೆಂದು ಈ ಸಂಪ್ರದಾಯದ ಹಿರಿಯರ ಅಭಿಪ್ರಾಯ.

ಪೂರ್ವಸೂರಿಗಳಲ್ಲಿ ಇಬ್ಬರನ್ನು ನೆನೆಯಬೇಕು. 7ನೇ ಶತಮಾನದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಪೂರ್ವ ಭಾರತದಲ್ಲಿ ಪನಸವನ್ನು ಕಂಡು, ಕುಂಬಳದಂಥ ಹಣ್ಣನ್ನು ಸೀಳಿದರೆ ಒಳಗೆ ಕೊಕ್ಕರೆ ಮೊಟ್ಟೆಯ ಗಾತ್ರದ ಹತ್ತಾರು ಹಣ್ಣುಗಳಿರುತ್ತವೆಂದು ಬರೆದಿಟ್ಟ. ಸಸ್ಯಶಾಸ್ತ್ರ ಹೇಳುವುದೂ ಸುಮಾರು ಅದನ್ನೇ: ಒಂದೊಂದು ತೊಳೆಯೂ ಒಂದೊಂದು ಹೂವಿನ ಫಲ, ಕಾಯಿಕಟ್ಟದ ಹೂಗಳು ನಡುವಿನ ನಾರಾಗುತ್ತವೆ. ಇದಕ್ಕೆ ವಿರುದ್ಧವಾಗಿ ನಿಂತವನು ಬಾಬರ್. ತನ್ನ ಆತ್ಮಕಥೆಯಲ್ಲಿ ಅವನು ಹಲಸನ್ನು ಕುರಿಯ ಜಠರಕ್ಕೆ ಹೋಲಿಸಿ, ನೋಡಲು ಅಸಹ್ಯ, ತಿಂದರೆ ಅತಿ ಸಿಹಿ ಎಂದು ಜರೆದಿದ್ದಾನೆ. ಅಂಟುವುದರಿಂದ ಜನ ಕೈ-ಬಾಯಿಗೆ ಜಿಡ್ಡು ಸವರಿಕೊಂಡು ತಿನ್ನುತ್ತಾರಂತೆ ಎಂದೂ ಸೇರಿಸಿದ್ದಾನೆ. ಈ ‘ಅಂತೆ’ಯಲ್ಲೇ ಬಾಬರನ ಸೋಲಿದೆ. ಎಣ್ಣೆಯ ಸುದ್ದಿ ಅವನ ಕಿವಿಗೆ ಬಿತ್ತೇ ಹೊರತು ಅವನ ಕೈಗೆ ಎಣ್ಣೆ ಸುರಿಯುವ ಗೆಳೆಯ ಸಿಗಲಿಲ್ಲ. ಕಾಬೂಲಿನ ಕರಬೂಜ ನೆನೆದು ಕಣ್ಣೀರಿಟ್ಟ ಪಾದುಷಹನಿಗೆ ಅರಳಿಕಟ್ಟೆಯಲ್ಲಿ ಯಾರಾದರೂ “ಬಾರಣ್ಣ, ಕುಂತ್ಕ” ಎಂದಿದ್ದರೆ ಆ ಗ್ರಂಥದ ಒಂದು ಪುಟವಾದರೂ ಬೇರೆಯಾಗುತ್ತಿತ್ತು.

ಇನ್ನು ಪ್ರಯೋಗ ಕಾಂಡ. ಇಪ್ಪತ್ತು ಕೆ.ಜಿ. ಹಣ್ಣನ್ನು ಒಬ್ಬನೇ ತಿನ್ನಲಾರ, ಒಬ್ಬನೇ ಕೊಯ್ಯಲೂ ಬಾರದು. ಗೋಣಿಚೀಲ ಹಾಸಿ ಹಣ್ಣನ್ನು ಮಲಗಿಸುತ್ತಲೇ ನೆರೆದವರು ತಾವಾಗಿಯೇ ವರ್ಣಾಶ್ರಮಕ್ಕೆ ಒಳಪಡುತ್ತಾರೆ. ಮಚ್ಚು ಹಿಡಿಯುವವನೊಬ್ಬ. ಅವನ ಅಂಗೈಗೆ ಹರಳೆಣ್ಣೆ ಸುರಿಯುವವನು ಇನ್ನೊಬ್ಬ. “ಉದ್ದಕ್ ಸೀಳ್ಬೇಡ ಕಣ್ಲಾ, ಅಡ್ಡಕ್ ಕುಯ್ಯಿ” ಎಂದು ದೂರದಿಂದಲೇ ಉಪದೇಶಿಸುವವನು ಮೂರನೆಯವನು. ನಾಲ್ಕನೆಯವನಿಗೆ ಆಗಲೇ ಫೋನ್ ಬರುತ್ತದೆ. ಮಚ್ಚು ಇಳಿದೊಡನೆ ಬಿಳಿ ಸೊನೆ ಜಿನುಗುತ್ತದೆ. ಒಂದು ಕಡ್ಡಿಗೆ ಅದನ್ನು ಸುತ್ತಿ ಸುತ್ತಿ ತೆಗೆಯಬೇಕು, ನಡುವಿನ ದಿಂಡು ಕೊರೆದು ಎಸೆಯಬೇಕು, ನಾರು ಬಿಡಿಸಬೇಕು. ಸೊನೆ ನೀರಿಗೆ ಕರಗದು, ಎಣ್ಣೆಗಷ್ಟೇ ಬಗ್ಗುವುದು. ಇದನ್ನರಿಯದೆ ನಲ್ಲಿಯ ಕೆಳಗೆ ಕೈ ಉಜ್ಜುವ ಬೆಂಗಳೂರಿನ ಅಳಿಯಂದಿರನ್ನು ಕಂಡು ಮನೆಯ ಹೆಂಗಸರು ಬಾಯಿಗೆ ಸೆರಗು ಮುಚ್ಚಿಕೊಂಡು ನಗುವುದುಂಟು. ಅಳಿಯ ಕೈ ಒರೆಸಿದ ಟವೆಲ್ ಆ ಮನೆಯಲ್ಲಿ ಬಹುಕಾಲ ಉಳಿಯುತ್ತದೆ.

ತೊಳೆಗಳು ಬಾಳೆಲೆಗೆ ಬೀಳುತ್ತಿದ್ದಂತೆ ಫೋನ್ ಮಾತು ಮುಗಿಯುತ್ತದೆ.

ಇಲ್ಲೊಂದು ಸೂಕ್ಷ್ಮ. ಎಣ್ಣೆಗೈಯವನು ಕೊಯ್ಯುತ್ತಿರುವಷ್ಟು ಹೊತ್ತು ತಿನ್ನಲಾರ, ಒಣಗೈಯವರು ತಿನ್ನುತ್ತಲೇ ಇರುತ್ತಾರೆ. ಆದ್ದರಿಂದ ಒಣಗೈಯವನೊಬ್ಬ ಎದ್ದು ಬೀಜ ತೆಗೆದ ತೊಳೆಯನ್ನು ಕೊಯ್ಯುವವನ ಬಾಯಿಗೆ ಇಡಬೇಕು. ಯಾರು ಏಳುತ್ತಾರೆ ಎಂಬುದನ್ನು ಇಡೀ ಕಟ್ಟೆ ಗಮನಿಸುತ್ತದೆ, ಗಮನಿಸಿದಂತೆ ತೋರಿಸಿಕೊಳ್ಳುವುದಿಲ್ಲ. ಉಪದೇಶದವನು ಎದ್ದದ್ದನ್ನು ಯಾರೂ ನೋಡಿಲ್ಲ. ಫೋನಿನವನು ಎದ್ದರೆ ಅವನಿಗೆ ಸಾಲ ಬೇಕಾಗಿದೆ ಎಂದರ್ಥ.

ಪೂರ್ವಪಕ್ಷದವರು ಕೇಳುತ್ತಾರೆ: ಇಷ್ಟು ರಗಳೆ ಏಕೆ, ಸಣ್ಣ ಹಣ್ಣು ಬೆಳೆದರಾಗದೆ? ಇವರ ಬಳಿ ಬಲವಾದ ಸಾಕ್ಷ್ಯವಿದೆ. ತುಮಕೂರು ಜಿಲ್ಲೆಯ ಚೇಳೂರಿನ ‘ಸಿದ್ದು’ ಹಲಸನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 2017ರಲ್ಲಿ ಬೆಳಕಿಗೆ ತಂದಿತು. ಕೆಂಪು ತೊಳೆ, ಒಳ್ಳೆಯ ರುಚಿ, ತೂಕ ಸುಮಾರು 2.5 ಕೆ.ಜಿ. ಗಂಡ, ಹೆಂಡತಿ, ಒಂದು ಮಗು ಬಾಗಿಲು ಹಾಕಿಕೊಂಡು ಮುಗಿಸಬಹುದಾದ ಹಣ್ಣು. ಕಸಿ ಗಿಡಕ್ಕೆ ಬೇಡಿಕೆಯೂ ಜೋರು. ಪ್ರಬಂಧಕಾರನಿಗೆ ಆ ತೊಳೆಯ ಬಗ್ಗೆ ದ್ವೇಷವಿಲ್ಲ. ಯಾರಾದರೂ ಕೊಟ್ಟರೆ ಎರಡು ಕೈಯಲ್ಲೂ ಇಸಿದುಕೊಳ್ಳುತ್ತಾನೆ. ಆದರೂ ಆ ಹಣ್ಣಿಗೆ ಮಚ್ಚು ಬೇಡ, ಅಡುಗೆಮನೆಯ ಚಾಕು ಸಾಕು. ಮಚ್ಚು ಬೇಡವಾದ ಮೇಲೆ ಅದನ್ನು ಎರವಲು ಕೇಳಲು ಪಕ್ಕದ ಮನೆಗೆ ಹೋಗಬೇಕಿಲ್ಲ. ಹೋಗದಿದ್ದರೆ ಅವರ ಎಮ್ಮೆ ಕರು ಹಾಕಿದ್ದು ತಿಳಿಯುವುದಿಲ್ಲ. ಅದು ತಿಳಿಯದಿದ್ದರೆ ಗಿಣ್ಣು ಸಿಗುವುದಿಲ್ಲ. ಹೀಗೆ ಸಣ್ಣ ಹಲಸಿನಿಂದ ಗಿಣ್ಣಿಗೆ ಹಾನಿ ಎಂಬುದು ಸಿದ್ಧಾಂತ ಪಕ್ಷ.

ಶೇಷ ವಿಚಾರ ಬೀಜದ್ದು. ಒಣಗಿಸಿಟ್ಟರೆ ಬಿತ್ತನೆಗೆ ಬಾರದು, ಮೊಳಕೆಯ ಶಕ್ತಿ ಬೇಗ ಹೋಗುತ್ತದೆ. ಬೇಯಿಸುವುದಾದರೆ ಸೊಪ್ಪಿನ ಸಾರಿಗೆ, ಮುದ್ದೆಯ ಜೊತೆಗೆ. ಸುಡುವುದಾದರೆ ಒಲೆಯ ಕೆಂಡದಲ್ಲಿ. ಅದರಿಂದ ರಾತ್ರಿ ಸಂಭವಿಸುವ ವಾಯು ಪ್ರಕರಣವನ್ನು ಸಭಾಮರ್ಯಾದೆಗಾಗಿ ಇಲ್ಲಿ ಕೈಬಿಡಲಾಗಿದೆ. ಬೀಜ ಹಣ್ಣಿನ ಒಡೆಯನಿಗೋ ಮಚ್ಚಿನ ಒಡೆಯನಿಗೋ ಎಂಬ ವಾದ ಕಟ್ಟೆಯ ಮೇಲೆ ಪ್ರತಿ ವರ್ಷ ಹುಟ್ಟಿ, ಜುಲೈ ಮಳೆಯೊಡನೆ ಇತ್ಯರ್ಥವಾಗದೆ ನಿಲ್ಲುತ್ತದೆ. ಸಿಪ್ಪೆ ಹಸುವಿಗೆ ಎಂಬಲ್ಲಿ ಮಾತ್ರ ಯಾವ ಆಚಾರ್ಯರಿಗೂ ಭಿನ್ನಮತವಿಲ್ಲ, ಹಸುವಿಗೂ ಇಲ್ಲ.