ಬಾಡಿಗೆಯೋ, ಭೋಗ್ಯವೋ, ಸ್ವಂತವೋ?

ಬೆಂಗಳೂರಿನಲ್ಲಿ ಮನೆ ಹುಡುಕುವವರಿಗೆ ಸಲಹೆಗೆ ಬರವಿಲ್ಲ, ಬರವಿರುವುದು ನೀರಿಗೆ. ಬಾಡಿಗೆ ಮನೆಯಾದರೆ 10 ತಿಂಗಳ ಅಡ್ವಾನ್ಸ್ ಎಣಿಸಿ, 11 ತಿಂಗಳ ಕರಾರಿಗೆ ಸಹಿ ಹಾಕಬೇಕು. ವರ್ಷ ಮೀರಿದ ಕರಾರನ್ನು ನೋಂದಾಯಿಸಲೇಬೇಕಲ್ಲ, ಅದನ್ನು ತಪ್ಪಿಸಲು ಈ ಜಾಣತನ. ಬಿಡುವಾಗ ಪೇಂಟಿಂಗ್ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಖೋತಾ. ಗೋಡೆಗೆ ಒಂದು ಮೊಳೆಯನ್ನೂ ಹೊಡೆಯದ ಸದ್ಗೃಹಸ್ಥನಿಗೂ ರಿಯಾಯಿತಿಯಿಲ್ಲ.

ಭೋಗ್ಯವಾದರೆ ಬಾಡಿಗೆಯ ಕಾಟವಿಲ್ಲ. ನಿಮ್ಮ ಲಕ್ಷಗಳಲ್ಲಿ ಮಾಲೀಕರು ಮೇಲೊಂದು ಮಹಡಿ ಎತ್ತುತ್ತಾರೆ. ವಾಪಸ್ ಕೇಳಿದರೆ, “ಹೊಸಬರು ಸಿಗಲಿ ತಾಳಿ ಸ್ವಾಮಿ” ಎನ್ನುತ್ತಾರೆ.

ಸ್ವಂತದ್ದೇ ಬೇಕೆಂದರೆ, ಫ್ಲ್ಯಾಟಿನ ಸೂಪರ್ ಬಿಲ್ಟ್‌ಅಪ್ ಏರಿಯಾದಲ್ಲಿ ಲಿಫ್ಟು, ಮೆಟ್ಟಿಲು, ವಾಚ್‌ಮನ್ ಕುರ್ಚಿ ಹಾಕಿಕೊಂಡ ಜಾಗದ ಪಾಲೂ ಸೇರಿರುತ್ತದೆ. 2016ರ ರೇರಾ ಕಾಯ್ದೆಯ ದಯೆಯಿಂದ ಕಾರ್ಪೆಟ್ ಏರಿಯಾ ಎಷ್ಟೆಂದು ಹೇಳಲೇಬೇಕು. ಕೇಳಿದ ಮೇಲೆ ಸೋಫಾ ಆಸೆ ತಾನಾಗಿ ಬಿಟ್ಟುಹೋಗುತ್ತದೆ.

ಇನ್ನು 30×40 ಸೈಟು. ಎ ಖಾತೆಯೋ ಬಿ ಖಾತೆಯೋ ಎಂದು ಇತ್ಯರ್ಥವಾಗುವಷ್ಟರಲ್ಲಿ ಮಗನಿಗೆ ಮೀಸೆ ಬಂದಿರುತ್ತದೆ. ಎಲ್ಲ ಸರಿಹೋದರೂ, ಮೊಬೈಲಿನಲ್ಲಿ ದಿಕ್ಸೂಚಿ ಹಿಡಿದ ಸೋದರಮಾವ “ಅಡುಗೆಮನೆ ಆಗ್ನೇಯಕ್ಕಿಲ್ಲವಲ್ಲ!” ಎಂದು ರಾಗ ಎಳೆಯುತ್ತಾರೆ.

ಯಾವುದನ್ನೇ ಆರಿಸಿ, ಏಪ್ರಿಲ್ ತಿಂಗಳಲ್ಲೇ ನೋಡಲು ಹೋಗಿ. ಮೊದಲು ನಲ್ಲಿ ತಿರುಗಿಸಿ, ಆಮೇಲೆ ವಾಸ್ತು ಕೇಳಿ.